ಹಾಸ್ಯ ಮತ್ತು ಗಾಂಭೀರ್ಯ: ಕೆಲವು ಕನ್ನಡ ನಿದರ್ಶನಗಳು

ಹಾಸ್ಯವು ಗಂಭೀರವಾದ ಅರ್ಥವನ್ನು ಹೊರಬಲ್ಲುದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಹೌದೆಂಬುದೇ. ಹಾಸ್ಯವನ್ನು ಬಹಿರಂಗವಾಗಿ ಹಳಿಯುವ ವಿಮರ್ಶಕರು ವಿರಳ. ಆದರೆ ಬಾಯಲ್ಲಿ ಹೌದೆಂದು ಹೇಳಿ ಆಚರಣೆಯಲ್ಲಿ ಅಲ್ಲವೆಂದು ತೋರಿಸುವ ಪದ್ಧತಿ ಬೆಳೆದುಬಂದಿದೆ. ಸಾಹಿತ್ಯಚರಿತ್ರೆಯಲ್ಲಿ ಕಾವ್ಯ, ಕಾದಂಬರಿ, ನಾಟಕಗಳ ವಿಚಾರವೆಲ್ಲ ಮುಗಿದ ಮೇಲೆ ಹಾಸ್ಯಸಾಹಿತ್ಯಕ್ಕೆಂದು ಒಂದು ಕಿರುಪ್ರಕರಣ ಬರುತ್ತದೆ. ತರಗತಿಯಲ್ಲಿ ಹಾಸ್ಯಪ್ರಸಂಗವೊಂದನ್ನು ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ತಾವೂ ನಕ್ಕು, ಬಳಿಕ ಮುಖವನ್ನು ಬಿಗಿದುಕೊಂಡು, ಅದರ ಹಿಂದಿರುವ ಗಂಭೀರವಾದ ತತ್ತ್ವವನ್ನು ಟಿಪ್ಪಣಿಯಾಗಿ ಬರೆಯಿಸುತ್ತಾರೆ. ನಗು ಒಂದು ಕಡೆ, ತತ್ತ್ವ ಇನ್ನೊಂದು ಕಡೆ. ಪರೀಕ್ಷೆಗೆ ಉಳಿಯುವುದು ಎರಡನೆಯದು ಮಾತ್ರ. ಈ ವಿಭಾಗ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅರೆಮನಸ್ಸಿಗೆ ಪ್ರಾಚೀನರ ಬೆಂಬಲವೂ ಸ್ವಲ್ಪಮಟ್ಟಿಗೆ ಇಲ್ಲದಿಲ್ಲ. ಭರತಮುನಿ ಹಾಸ್ಯವನ್ನು ರಸಗಳ ಪಂಕ್ತಿಯಲ್ಲಿ ಕೂರಿಸಿದನೆಂಬುದೇನೋ ನಿಜ. ಆದರೆ ಶೃಂಗಾರ, ರೌದ್ರ, ವೀರ, ಬೀಭತ್ಸಗಳೆಂಬ ನಾಲ್ಕನ್ನು ಮೂಲವೆಂದು ಎಣಿಸಿ, ಹಾಸ್ಯವು ಶೃಂಗಾರದಿಂದ ಹುಟ್ಟಿದುದು, ಅದರ ಅನುಕರಣ ಎಂದನು. ಸ್ಮಿತ ಮೊದಲ್ಗೊಂಡು ಅತಿಹಸಿತದವರೆಗೆ ನಗುವಿನಲ್ಲಿ ಆರು ಬಗೆಗಳನ್ನು ಹೇಳಿ, ಎರಡೆರಡರಂತೆ ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಿಕೊಟ್ಟನು. ಹಲ್ಲು ಕಾಣದಂತೆ ನಗುವವರು ಉತ್ತಮರು. ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಂಡು ನಗುವವರು ಅಧಮರು. ಈ ಲೆಕ್ಕದಲ್ಲಿ ನಮ್ಮೊಳಗೆ ಉತ್ತಮರು ಎಷ್ಟು ಮಂದಿ ಉಳಿದಾರೆಂಬ ಮಾತು ಹಾಗಿರಲಿ. ಭರತನ ವ್ಯಾಖ್ಯಾನಕಾರನಾದ ಅಭಿನವಗುಪ್ತನಲ್ಲಿ ಈ ವಿಷಯ ಬೇರೊಂದು ತಿರುವನ್ನು ಪಡೆಯುತ್ತದೆ. ಶೃಂಗಾರದ ಆಭಾಸದಿಂದ ಮಾತ್ರವಲ್ಲ, ಯಾವ ರಸದ ಆಭಾಸದಿಂದಲೂ ಹಾಸ್ಯವು ಹುಟ್ಟಬಲ್ಲುದೆಂದೂ ಅನೌಚಿತ್ಯವೇ ಅದರ ಬೀಜವೆಂದೂ ಅವನ ಮತ. ಇದರ ಪರಿಣಾಮ ದೊಡ್ಡದು. ವೀರ, ಕರುಣ, ಶಾಂತಗಳೆಲ್ಲಿವೆಯೋ ಅಲ್ಲೆಲ್ಲ ಹಾಸ್ಯಕ್ಕೆ ಪ್ರವೇಶವುಂಟೆಂದಾಯಿತು. ಅದಕ್ಕೆ ತನ್ನದೆಂಬ ಪುಟ್ಟ ಹಿತ್ತಿಲೊಂದಿಲ್ಲ. ಉಳಿದ ರಸಗಳ ಪಡಸಾಲೆಯಲ್ಲಿಯೇ ಅದು ವಾಸಿಸುತ್ತದೆ. ಈ ಸೂಚನೆಯನ್ನು ನಮ್ಮ ವಿಮರ್ಶೆ ಸಾಕಷ್ಟು ಬಳಸಿಕೊಂಡಂತೆ ತೋರುವುದಿಲ್ಲ.

ಹಾಸ್ಯವನ್ನು ಸಮರ್ಥಿಸಲು ಹೊರಟವರು ಸಾಮಾನ್ಯವಾಗಿ ಎರಡು ವಾದಗಳನ್ನು ಹೂಡುತ್ತಾರೆ. ಒಂದನ್ನು ಮದ್ದಿನ ವಾದವೆನ್ನಬಹುದು. ಕಾವ್ಯರಸವನ್ನು ಭಾಮಹನು ಕಹಿಮದ್ದಿಗೆ ಮುಂಚೆ ನೆಕ್ಕುವ ಜೇನಿಗೆ ಹೋಲಿಸಿದ್ದಾನೆ. ಆ ಹೋಲಿಕೆಯನ್ನೇ ಇವರು ಹಾಸ್ಯಕ್ಕೆ ಅನ್ವಯಿಸುತ್ತಾರೆ. ಇನ್ನೊಂದು ಕಣ್ಣೀರಿನ ವಾದ: ಒಳ್ಳೆಯ ಹಾಸ್ಯದ ತಳದಲ್ಲಿ ದುಃಖವಿರುತ್ತದೆ, ಆದುದರಿಂದ ಅದು ಗಂಭೀರ. ಎರಡೂ ಹಾಸ್ಯದ ಪರವಾಗಿಯೇ ಹೇಳಿದ ಮಾತುಗಳಾದರೂ ಎರಡರಲ್ಲಿಯೂ ಅದಕ್ಕೆ ಅನ್ಯಾಯವಾಗಿದೆ. ಮೊದಲನೆಯದರಲ್ಲಿ ಬೆಲೆಯಿರುವುದು ಮದ್ದಿಗೆ, ಎರಡನೆಯದರಲ್ಲಿ ದುಃಖಕ್ಕೆ. ಹಾಸ್ಯವು ಯಾವ ಮನೆಯಲ್ಲಿಯೂ ಯಜಮಾನನಲ್ಲ, ಬಾಡಿಗೆಯವನು. ಇವುಗಳಿಗೆ ಬದಲಾಗಿ ಒಂದು ಸರಳವಾದ ಪರೀಕ್ಷೆಯನ್ನು ಸೂಚಿಸಬಹುದು. ಒಂದು ಕೃತಿಯಿಂದ ನಗುವನ್ನು ತೆಗೆದುಹಾಕಿ ನೋಡೋಣ. ಗಂಭೀರವಾದ ಅರ್ಥ ಇದ್ದಂತೆಯೇ ಉಳಿದರೆ ಅಲ್ಲಿ ಹಾಸ್ಯವು ಕೇವಲ ಅಲಂಕಾರ; ಅದನ್ನು ತೆಗೆದೊಡನೆ ಅರ್ಥವೂ ಕುಸಿದುಬಿದ್ದರೆ ಭಾರವನ್ನು ಹೊತ್ತಿದ್ದುದು ಹಾಸ್ಯವೇ ಎಂದು ಒಪ್ಪಬೇಕಾಗುತ್ತದೆ.

ಕನ್ನಡ ಓದುಗರೆಲ್ಲರೂ ಬಲ್ಲ ಒಂದು ಪ್ರಸಂಗದಿಂದ ಆರಂಭಿಸೋಣ. ವಿರಾಟಪರ್ವದ ಉತ್ತರಕುಮಾರನ ಪೌರುಷ ನಮ್ಮಲ್ಲಿ ಗಾದೆಯ ಮಾತಾಗಿಬಿಟ್ಟಿದೆ. ಗೋಗ್ರಹಣದ ಸುದ್ದಿ ಬಂದಾಗ ವಿರಾಟರಾಯ ಊರಲ್ಲಿಲ್ಲ, ತ್ರಿಗರ್ತರೊಡನೆ ಕಾದಲು ಹೋಗಿದ್ದಾನೆ. ಅಂತಃಪುರದ ಹೆಂಗಸರ ನಡುವೆ ಕುಳಿತ ರಾಜಕುಮಾರ ತನಗೊಬ್ಬ ಸಾರಥಿ ಮಾತ್ರ ದೊರೆತರೆ ಕೌರವರನ್ನು ಏನು ಮಾಡುವೆನೆಂಬುದನ್ನು ಬಣ್ಣಿಸುತ್ತಾನೆ. ಸಾರಥಿಯಾಗಿ ಬಂದವಳು ಬೃಹನ್ನಳೆ. ಅವಳು ಕವಚವನ್ನು ತೊಡಲು ಬಾರದವಳಂತೆ ನಟಿಸುವುದನ್ನು ನೋಡಿ ಹುಡುಗಿಯರು ನಗುತ್ತಾರೆ. ಒಬ್ಬ ತನ್ನಲ್ಲಿಲ್ಲದುದನ್ನು ಮೆರೆಸುತ್ತಿದ್ದಾನೆ, ಇನ್ನೊಬ್ಬ ತನ್ನಲ್ಲಿರುವುದನ್ನು ಅಡಗಿಸುತ್ತಿದ್ದಾನೆ. ಹುಡುಗಿಯರು ನಗುತ್ತಿರುವುದು ಎರಡನೆಯವನನ್ನು ನೋಡಿ. ರಣರಂಗದಲ್ಲಿ ಕೌರವಸೇನೆಯನ್ನು ಕಂಡೊಡನೆ ಉತ್ತರ ರಥದಿಂದ ಧುಮುಕಿ ಓಡುತ್ತಾನೆ. ಜಡೆ ಹಾರಾಡುತ್ತಿರಲು ಬೃಹನ್ನಳೆ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಕುಮಾರವ್ಯಾಸನ ಪ್ರತಿಭೆ ಈ ಸನ್ನಿವೇಶವನ್ನು ಎಷ್ಟು ಉತ್ಸಾಹದಿಂದ ಹಿಗ್ಗಿಸಿಕೊಂಡಿದೆಯೆಂಬುದನ್ನು ಗಮಕವನ್ನು ಕೇಳಿದವರಿಗೆ ಹೇಳಬೇಕಾದುದಿಲ್ಲ.

ಈ ಓಟವನ್ನು ನೋಡುತ್ತಿರುವವರು ಯಾರು? ವ್ಯಾಸಭಾರತದಲ್ಲಿ ಕೌರವರ ಸೈನಿಕರಲ್ಲಿ ಕೆಲವರು ಅದನ್ನು ಕಂಡು ಗಹಗಹಿಸಿ ನಗುತ್ತಾರೆ. ಆದರೆ ಅದೇ ಹೊತ್ತಿಗೆ, ಅದೇ ನೋಟವನ್ನು ನೋಡುತ್ತಿರುವ ಇತರರು ಬೂದಿ ಮುಚ್ಚಿದ ಬೆಂಕಿಯಂತೆ ಕಾಣುವ ಈ ವ್ಯಕ್ತಿ ಯಾರೆಂದು ಶಂಕಿಸಿ, ಹೆಣ್ಣಿನ ಉಡುಗೆಯೊಳಗೆ ಅರ್ಜುನನ ನಿಲುವನ್ನು ಗುರುತಿಸತೊಡಗುತ್ತಾರೆ. ಒಂದೇ ದೃಶ್ಯ ತಿಳಿಯದವರಿಗೆ ನಗೆಯಾಗಿಯೂ ತಿಳಿದವರಿಗೆ ಮೃತ್ಯುಸೂಚನೆಯಾಗಿಯೂ ಒದಗಿದೆ. ನಗೆಯ ಪಕ್ಕದಲ್ಲಿ ಗಾಂಭೀರ್ಯವನ್ನು ತಂದು ನಿಲ್ಲಿಸಿದ್ದಲ್ಲ ಇದು; ಹಾರಾಡುವ ಆ ಜಡೆಯಲ್ಲಿಯೇ ಎರಡೂ ಇವೆ.

ಇಷ್ಟೇ ಆಗಿದ್ದರೆ ಕವಿಯ ಸನ್ನಿವೇಶಚಾತುರ್ಯವೆಂದು ಹೇಳಿ ಬಿಡಬಹುದಿತ್ತು. ಉತ್ತರನ ಅಂಜಿಕೆಯ ಮಾತುಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಇವರೊಡನೆ ಕಾದಲಾರೆನೆಂದೂ ತನ್ನ ಮೈ ನವಿರೆದ್ದಿದೆಯೆಂದೂ ಅವನು ಹೇಳುತ್ತಾನೆ. ಮುಂದೆ ಕುರುಕ್ಷೇತ್ರದಲ್ಲಿ ಇದೇ ರೋಮಹರ್ಷ ಇನ್ನೊಬ್ಬನ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಇದೇ ಶಬ್ದದಲ್ಲಿ ಹೇಳಲ್ಪಡುತ್ತದೆ. ಅವನು ಉತ್ತರನನ್ನು ಜುಟ್ಟು ಹಿಡಿದು ಎಳೆತಂದ ಅರ್ಜುನನೇ. ಅಲ್ಲಿಯೂ ಎರಡು ಸೈನ್ಯಗಳ ಮುಂದೆ ಒಂದು ರಥ, ಯುದ್ಧವನ್ನೊಲ್ಲದ ಒಬ್ಬ ಯೋಧ, ಅವನನ್ನು ಯುದ್ಧಕ್ಕೆ ತಿರುಗಿಸುವ ಒಬ್ಬ ಸಾರಥಿ. ಉತ್ತರನದು ಪ್ರಾಣಭಯ, ಅರ್ಜುನನದು ಬಂಧುವಧೆಯ ಶೋಕ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ನಿಜ. ಆದರೂ ಸಾಮ್ಯ ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ. ಒಂದು ಪ್ರಸಂಗ ನಗೆಯಲ್ಲಿ ಮುಗಿಯಿತು, ಇನ್ನೊಂದರಿಂದ ಗೀತೆ ಹೊರಟಿತು. ಅಲ್ಲಿಯೂ ಶ್ರೀಕೃಷ್ಣನು ತನ್ನ ಉಪದೇಶವನ್ನು ಆರಂಭಿಸಿದುದು ನಗುತ್ತಿರುವವನಂತೆ ಎಂದು ಗೀತೆಯ ಎರಡನೆಯ ಅಧ್ಯಾಯ ಹೇಳುತ್ತದೆ. ಅಂಥ ಗಳಿಗೆಯಲ್ಲಿ ಈ ಮುಗುಳ್ನಗೆ ಏಕೆ ಬಂತೆಂದು ಕೇಳಿದವರಿಗೆ ವಿರಾಟಪರ್ವದ ಆ ಓಟ ನೆನಪಾದರೆ ಅದು ತಪ್ಪಾಗಲಾರದು.

ಭಾರತದಂಥ ವೀರಕಾವ್ಯದಲ್ಲಿ ಸಾವಿನ ಮುಂದೆ ನಿಂತ ಮನುಷ್ಯನಿಗೆ ಹೆದರಿಕೆಯಾಗುತ್ತದೆಂಬ ಮಾತನ್ನು ಬಿಡಿಸಿ ಹೇಳುವ ಅಧಿಕಾರ ಯಾರಿಗಿದೆ? ಕರ್ಣ ಹೇಳಲಾರ, ಅಭಿಮನ್ಯು ಹೇಳಲಾರ. ಅವರ ನಾಲಗೆಯನ್ನು ಕ್ಷತ್ರಿಯಧರ್ಮ ಕಟ್ಟಿಹಾಕಿದೆ. ಉತ್ತರನೊಬ್ಬನಿಗೆ ಅದು ಸಾಧ್ಯವಾದುದು ಅವನು ಹಾಸ್ಯದ ಪಾತ್ರವಾದುದರಿಂದ. ಅವನ ಬಾಯಿಂದ ಹಾಸ್ಯವನ್ನು ಕಳೆದರೆ ಆ ಸತ್ಯಕ್ಕೆ ಕಾವ್ಯದಲ್ಲಿ ಎಡೆಯೇ ಇರಲಿಲ್ಲ. ಇದೇ ಉತ್ತರ ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನ ಕೈಯಲ್ಲಿ ಮಡಿಯುತ್ತಾನೆ. ಅಂದು ಅವನು ಓಡಲಿಲ್ಲ. ಅವನ ಸಾವಿನಿಂದ ಹಿಂದಿನ ನಗೆಗೆ ಗಾಂಭೀರ್ಯ ಬಂತೆಂದು ಹೇಳುವುದು ಕಣ್ಣೀರಿನ ವಾದಕ್ಕೆ ಹಿಂದಿರುಗಿದಂತೆ. ಗಾಂಭೀರ್ಯವು ಆ ಓಟದಲ್ಲಿಯೇ ಇತ್ತು.

ಹೊಸಗನ್ನಡದ ಹೊಸ್ತಿಲಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವಿದೆ. ನಂದಳಿಕೆ ಲಕ್ಷ್ಮೀನಾರಣಪ್ಪ (1870-1901) 'ಶ್ರೀರಾಮಾಶ್ವಮೇಧ'ವನ್ನು ರಚಿಸಿದ ಕಾಲದಲ್ಲಿ ಕಾವ್ಯವು ಪದ್ಯದಲ್ಲಿರಬೇಕೋ ಗದ್ಯದಲ್ಲಿರಬೇಕೋ, ಸಂಸ್ಕೃತದ ಪ್ರಮಾಣ ಎಷ್ಟಿರಬೇಕು, ಹಳೆಯ ಕಥೆಯನ್ನು ಮತ್ತೆ ಹೇಳುವುದರಲ್ಲಿ ಏನು ಸ್ವಾರಸ್ಯ ಎಂಬ ಪ್ರಶ್ನೆಗಳು ಪಂಡಿತರ ಮುಂದಿದ್ದ ದೊಡ್ಡ ಪ್ರಶ್ನೆಗಳು. ಅವನು ಇವನ್ನೆಲ್ಲ ಗಂಡಹೆಂಡಿರ ಸರಸದಲ್ಲಿ ಇತ್ಯರ್ಥ ಮಾಡಿಬಿಟ್ಟನು. ಪದ್ಯ ಬೇಡ, ಗದ್ಯ ಸಾಕು ಎಂದು ತೀರ್ಪು ಕೊಡುವವಳು ಮನೋರಮೆ. ಕ್ಲಿಷ್ಟವಾದ ಸಂಸ್ಕೃತವನ್ನು ಕೇಳಿ ಇದು ತನಗೆ ತಿಳಿಯದೆಂದು ಕೈಚೆಲ್ಲುವವಳೂ ಅವಳೇ. ನಮ್ಮ ಪರೀಕ್ಷೆಯನ್ನು ಇಲ್ಲಿಗೆ ಒಡ್ಡೋಣ. ಸರಸವನ್ನು ತೆಗೆದು ಇದೇ ಅಭಿಪ್ರಾಯಗಳನ್ನು ಪೀಠಿಕೆಯ ರೂಪದಲ್ಲಿ ಬರೆದರೆ ಅಭಿಪ್ರಾಯಗಳೇನೋ ಉಳಿಯುತ್ತವೆ. ಆದರೆ ಅವುಗಳಿಗಿಂತ ಮುಖ್ಯವಾದ ಒಂದು ಮಾತು ಹೊರಟುಹೋಗುತ್ತದೆ. ಕಾವ್ಯ ಹೇಗಿರಬೇಕೆಂದು ಹೇಳುವ ಹಕ್ಕು ಆಸ್ಥಾನದ ವಿದ್ವಾಂಸರಿಗಲ್ಲ, ಮನೆಯಲ್ಲಿ ಕುಳಿತು ಕೇಳುವವಳಿಗೆ ಸೇರಿದ್ದು ಎಂಬುದೇ ಆ ಮಾತು. ಅದನ್ನು ಕವಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದರೆ ಅದು ಆ ಕಾಲಕ್ಕೆ ಉದ್ಧಟತನವಾಗುತ್ತಿತ್ತು. ಅವಳು ಅವನನ್ನು ಕೆಣಕುತ್ತಾಳೆ, ಅವನು ಸೋಲುತ್ತಾನೆ. ಅಷ್ಟರಿಂದಲೇ ಆ ಹಕ್ಕು ಕೈಬದಲಾಯಿಸುತ್ತದೆ. ಇಂಥ ಕೃತಿಯನ್ನು ಅವನು ತನ್ನದೆಂದು ಹೇಳಿಕೊಳ್ಳದೆ ಹಿಂದಿನ ಕವಿಯೊಬ್ಬನದೆಂಬಂತೆ ಪ್ರಕಟನೆಗೆ ಕಳುಹಿಸಿದನು. ವ್ಯಾಯಾಮದ ಉಪಾಧ್ಯಾಯನಾಗಿದ್ದು, ಬಡತನದಲ್ಲಿ, ಕ್ಷಯರೋಗದಿಂದ, ಮೂವತ್ತರ ಆಸುಪಾಸಿನಲ್ಲಿಯೇ ತೀರಿಕೊಂಡನೆಂಬುದು ಎಲ್ಲರೂ ಬಲ್ಲ ಸಂಗತಿ. ಅದನ್ನು ತಂದು ಸಲ್ಲಾಪದ ಮೇಲೆ ಹೊರಿಸಿ ಮನೋರಮೆಯ ನಗುವಿನಲ್ಲಿ ಅಳುವನ್ನು ಕೇಳಬೇಕಾದ ಅಗತ್ಯವಿಲ್ಲ. ಅವಳು ನಗುತ್ತಲೇ ಇದ್ದಾಳೆ.

ಕೈಲಾಸಂ ಅವರ ವಿಷಯ ಇಷ್ಟು ಸುಲಭವಲ್ಲ. ಕನ್ನಡ ರಂಗಭೂಮಿಯಲ್ಲಿ ನಗೆಯ ಹೆಸರೆತ್ತಿದರೆ ಮೊದಲು ನೆನಪಾಗುವವರು ಅವರು. ಅವರ ಉದ್ದೇಶದ ಗಾಂಭೀರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಗಾಂಭೀರ್ಯವನ್ನು ಹಾಸ್ಯವೇ ಹೊತ್ತಿದೆಯೇ ಎಂಬುದು ಬೇರೆ ಪ್ರಶ್ನೆ. 'ಟೊಳ್ಳು ಗಟ್ಟಿ'ಯನ್ನು ತೆಗೆದುಕೊಳ್ಳೋಣ. ಓದಿನಲ್ಲಿ ಗೆಲ್ಲುವ ಪುಟ್ಟು, ಸೋಲುವ ಮಾಧು. ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರು ಗಟ್ಟಿ ಯಾರು ಎಂಬುದು ಗೊತ್ತಾಗುತ್ತದೆ. ನಾಟಕದ ಮೊದಲ ಭಾಗದಲ್ಲಿ ಪರೀಕ್ಷೆಯ ವ್ಯಾಮೋಹದ ಬಗ್ಗೆ ಎಬ್ಬಿಸುವ ನಗು ತೀಕ್ಷ್ಣವಾದುದು, ಇಂದಿಗೂ ಚುರುಕಾದುದು. ಆದರೆ ತೀರ್ಪು ಕೊಡುವ ಹೊತ್ತಿಗೆ ನಾಟಕಕಾರರು ನಗುವನ್ನು ನಂಬದೆ ಬೆಂಕಿಯನ್ನು ಕರೆದರು. ಹಾಸ್ಯವು ಹೊರಗೆ ನಿಂತಿತು, ಸಿದ್ಧಾಂತ ಒಳಗೆ ಬಂತು. ಇದನ್ನು ದೋಷವೆಂದು ಕರೆಯುವುದು ಕೆಲವರಿಗೆ ಕಟುವಾಗಿ ತೋರಬಹುದು. ಆದರೂ ಪುಟ್ಟುವಿನ ಟೊಳ್ಳುತನ ಅವನ ಮಾತಿನಲ್ಲಿಯೇ ಸಾಕಷ್ಟು ಕಂಡಿದ್ದ ಮೇಲೆ ಮನೆಯನ್ನು ಸುಡಬೇಕಾಗಿತ್ತೆ?

ಅವರ ನಿಜವಾದ ಆಳವಿರುವುದು ಬೇರೊಂದು ಕಡೆ, ಕನ್ನಡ ಇಂಗ್ಲಿಷುಗಳು ಕಲಸಿಹೋದ ಆ ಮಾತಿನಲ್ಲಿ. ಕೇಳಿದವರು ಮೊದಲು ನಗುತ್ತಾರೆ, ನಗಬೇಕಾದುದೇ. ಆದರೆ ತಾಯಿಯೊಡನೆ, ಹೆಂಡತಿಯೊಡನೆ, ಆಳಿನೊಡನೆ ಆಡುವ ಮಾತಿನ ನಡುವೆ ಪರಭಾಷೆಯ ತುಣುಕುಗಳು ಹೀಗೆ ತಾವಾಗಿ ಉದುರುತ್ತಿದ್ದರೆ ಆಡುವವನ ಭಾವವೂ ಅಷ್ಟೇ ತುಣುಕುಗಳಾಗಿದೆಯೆಂಬುದು ಹೊಳೆಯದೆ ಇರದು. ಆ ಮಾತನ್ನು ಶುದ್ಧ ಕನ್ನಡಕ್ಕೆ ತಿದ್ದಿದರೆ ನಗು ಹೋಗುತ್ತದೆ. ಅದರೊಡನೆ, ಒಂದು ತಲೆಮಾರಿನ ವಿದ್ಯಾವಂತರ ಒಳಬಾಳು ಹೇಗೆ ಒಡೆದಿತ್ತೆಂಬ ತಿಳಿವಳಿಕೆಯೂ ಹೋಗುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಾವು ಗಂಭೀರವೆಂದು ಬಗೆದ ಪೌರಾಣಿಕ ವಸ್ತುಗಳನ್ನು, ಏಕಲವ್ಯನನ್ನು, ಕರ್ಣನನ್ನು, ಕೀಚಕನನ್ನು, ಕೈಲಾಸಂ ಇಂಗ್ಲಿಷಿನ ನಾಟಕಗಳಿಗೆ ಮೀಸಲಿಟ್ಟರು. ನಗಲು ಕನ್ನಡ, ಗಂಭೀರರಾಗಲು ಇಂಗ್ಲಿಷ್. ತಮ್ಮ ಪಾತ್ರಗಳಲ್ಲಿ ಅವರು ಕಂಡ ಬಿರುಕು ಅವರ ಸಾಹಿತ್ಯವನ್ನೂ ಎರಡಾಗಿ ಸೀಳಿದೆ. ಆ ಇಂಗ್ಲಿಷ್ ನಾಟಕಗಳಲ್ಲಿ ಔನ್ನತ್ಯವಿಲ್ಲವೆಂದಲ್ಲ. ಆದರೆ 1946ರಲ್ಲಿ ಅವರು ತೀರಿಕೊಂಡ ಮೇಲೆಯೂ ರಂಗದ ಮೇಲೆ ಮತ್ತೆ ಮತ್ತೆ ಜೀವ ತಳೆದು ಬಂದವು ಕನ್ನಡದವೇ. ಇದು ಜನರ ಲಘುರುಚಿಗೆ ಸಾಕ್ಷಿಯೆಂದು ಹೇಳುವವರಿದ್ದಾರೆ. ಆಳ ಯಾವುದರಲ್ಲಿತ್ತೆಂಬುದಕ್ಕೆ ಸಾಕ್ಷಿಯೆಂದು ಹೇಳುವುದು ಹೆಚ್ಚು ಸರಿ.

ಎಲ್ಲ ಹಾಸ್ಯವೂ ಹೀಗೆ ಭಾರ ಹೊರಬೇಕೆಂಬ ನಿಯಮವೇನೂ ಇಲ್ಲ. 1942ರಿಂದ 1967ರವರೆಗೆ ನಡೆದ 'ಕೊರವಂಜಿ'ಯ ಪುಟಗಳಲ್ಲಿ ಕೇವಲ ನಗಿಸಿ ಹಾರಿಹೋದ ಬರೆಹಗಳು ಎಷ್ಟೋ ಇದ್ದಿರಬೇಕು. ಹಾರಿಹೋಗುವುದೇ ಅವುಗಳ ಚೆಲುವು. ಆ ಪತ್ರಿಕೆಯನ್ನು ನಡೆಸಿದ ಡಾ. ಎಂ. ಶಿವರಾಂ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆತುದು 1976ರಲ್ಲಿ, 'ಮನಮಂಥನ'ವೆಂಬ ಮನೋವೈದ್ಯದ ಗ್ರಂಥಕ್ಕೆ. ಇಪ್ಪತ್ತೈದು ವರ್ಷ ನಾಡನ್ನು ನಗಿಸಿದವರ ಗಾಂಭೀರ್ಯ ಅಂಗೀಕಾರ ಪಡೆದುದು ಅವರು ನಗಿಸುವುದನ್ನು ಬಿಟ್ಟು ಬರೆದಾಗ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ 1980ರಲ್ಲಿ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ ಅದೇ ಗೌರವ ಸಂದಿತು. ಆ ಪುಸ್ತಕದ ತುಂಬ ನಗೆಯಿದೆ ನಿಜ, ಆದರೆ ಅದು ಮನ್ನಣೆಯ ಬಾಗಿಲನ್ನು ದಾಟಿದುದು ಪ್ರವಾಸಕಥನವೆಂಬ ಹೆಸರಿನಿಂದ.

ಕೊನೆಯದಾಗಿ 'ರತ್ನನ ಪದಗಳು'. ಜಿ. ಪಿ. ರಾಜರತ್ನಂ ಬೌದ್ಧ ಜೈನ ಸಾಹಿತ್ಯಗಳಲ್ಲಿ ನುರಿತ ವಿದ್ವಾಂಸರು, ಹೆಂಡದ ಸೋಂಕಿಲ್ಲದವರು. 1930ರ ದಶಕದಲ್ಲಿ ಅವರು ಸೃಷ್ಟಿಸಿದ ರತ್ನ ಹೆಂಡಕುಡುಕ, ಹಳ್ಳಿಯ ಮಾತಿನವನು. ಅವನ ಪ್ರಪಂಚದ ಪಟ್ಟಿ ಚಿಕ್ಕದು: ಹೇಳಿಕೊಳ್ಳಲು ಒಂದು ಊರು, ತಲೆಯ ಮೇಲೆ ಸೂರು, ಮಂಚಕ್ಕೆ ಬದಲು ನೆಲ, ನಗುತ್ತ ಗಂಜಿ ಕೊಡುವ ಹೆಂಡತಿ ಪುಟ್ನಂಜಿ, ಸಂಜೆಗೆ ಸ್ವಲ್ಪ ಹೆಂಡ. ವೇದಾಂತಿಗಳು ಮಿಥ್ಯೆಯೆಂದು ಕರೆದ ಪ್ರಪಂಚವೆಂಬ ಹಿರಿಯ ಶಬ್ದವನ್ನು ಇವನು ತನ್ನ ನಾಲಗೆಗೆ ಒಗ್ಗಿಸಿಕೊಂಡು ಒಂದು ಗುಡಿಸಲಿಗೆ ಇಟ್ಟುಬಿಟ್ಟಿದ್ದಾನೆ. ನಗು ಹುಟ್ಟುವುದು ಆ ದೊಡ್ಡ ಮಾತಿಗೂ ಈ ಚಿಕ್ಕ ಸೂರಿಗೂ ಇರುವ ಅಂತರದಿಂದ. ಪದ ಮುಗಿಯುವ ವೇಳೆಗೆ ಆ ಅಂತರ ಎಲ್ಲಿ ಹೋಯಿತೆಂದು ಓದುಗನಿಗೆ ತಿಳಿಯುವುದಿಲ್ಲ.

ಇನ್ನೊಂದು ಪ್ರಸಿದ್ಧವಾದ ಪದದಲ್ಲಿ ದೇವರು ರತ್ನನನ್ನು ಪರೀಕ್ಷಿಸುವಂತೆ ಕಲ್ಪನೆಯಿದೆ. ಹೆಂಡವನ್ನು ಬಿಡೆಂದರೆ ಅವನು ಬಿಟ್ಟಾನು, ಹೆಂಡತಿಯನ್ನೂ ಬಿಟ್ಟಾನು. ಕನ್ನಡದ ಪದಗಳನ್ನು ಬಿಡೆಂದಾಗ ಮಾತ್ರ ದೇವರೆಂಬ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ ತಿರುಗಿ ಬೀಳುತ್ತಾನೆ. ನಾಲಗೆಯನ್ನು ಕಳೆದು ಬಾಯಿಯನ್ನು ಮುಚ್ಚಿಸಿದರೂ ಹಾಡಲು ಮೂಗಿದೆಯಲ್ಲ ಎಂಬುದು ಅವನ ಪ್ರತಿಜ್ಞೆ. ಭಾಷಾಭಿಮಾನದ ಪ್ರತಿಜ್ಞೆಗಳು ನಮಗೇನೂ ಅಪರೂಪವಲ್ಲ; ಪ್ರತಿ ನವೆಂಬರಿನಲ್ಲಿಯೂ ವೇದಿಕೆಗಳಿಂದ ಕೇಳಿಬರುತ್ತವೆ, ಡಿಸೆಂಬರಿನಲ್ಲಿ ನೆನಪಿರುವುದಿಲ್ಲ. ರತ್ನನದು ಉಳಿದುದು ಆ ಮೂಗಿನಿಂದ. ಅದನ್ನು ತೆಗೆದು ಅಲ್ಲಿ ಹೃದಯವನ್ನೋ ಆತ್ಮವನ್ನೋ ಇಟ್ಟರೆ ಪದ್ಯವು ಭಾಷಣವಾಗುತ್ತದೆ, ನಾವು ಅದನ್ನು ನಂಬುವುದಿಲ್ಲ. ಮೂಗಿನಿಂದ ಹೊರಡುವ ಹಾಡು ಹೇಗಿರುತ್ತದೆಂದು ಹಾಡುವವನಿಗೂ ಗೊತ್ತು. ಅದು ಚೆಲುವಾಗಿರುವುದಿಲ್ಲ, ಕೇಳಿದವರು ನಗುತ್ತಾರೆ. ನಕ್ಕರೂ ಹಾಡುವೆನೆಂಬುದೇ ಅವನ ಪಟ್ಟು. ಈ ಪದವನ್ನು ಈಗ ಸಭೆಗಳಲ್ಲಿ ವಾದ್ಯಗಳೊಡನೆ, ಭಕ್ತಿಯಿಂದ ಹಾಡುತ್ತಾರೆ. ಕೇಳುವವರೂ ಗಂಭೀರವಾಗಿಯೇ ಕುಳಿತಿರುತ್ತಾರೆ; ಮೂಗಿನ ಮಾತು ಬಂದಾಗ ನಗುವವರು ಹಿಂದಿನ ಸಾಲಿನ ಹುಡುಗರು ಮಾತ್ರ.